ಫಾರ್ಮಿನಲ್ಲಿ ಇಲ್ಲದ ಮನುಷ್ಯ

ತಪ್ಪು ನನ್ನಿಂದಲೇ ಶುರುವಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಯಾರ ಯಾರ ಮೇಲೆ ಹರಿಹಾಯುತ್ತೇನೋ ಅವರೆಲ್ಲ "ನೀನೇನು ಮಹಾ ಸಾಚಾನಾ?" ಎಂದು ಕೇಳುತ್ತಾರೆ. ಬೆಟ್ಟ ಹತ್ತುವ ಮುಂಚೆ, ದುಬೈಗೆ ಸೇರಿದ ಹತ್ತಾ ಎಂಬ ಬೆಟ್ಟದೂರಿನ ಪಾರ್ಕಿಂಗ್‌ನಲ್ಲಿ, ಪ್ರತಿಯೊಬ್ಬರ ಎಮಿರೇಟ್ಸ್ ಐಡಿ ಕಾರ್ಡನ್ನು ಕೈಯಲ್ಲಿ ಹಿಡಿದು, ಮುಖ ನೋಡಿ, ಫಾರ್ಮಿನಲ್ಲಿರುವ ಹೆಸರಿನ ಜೊತೆ ತಾಳೆ ಹಾಕಬೇಕು. ಚಾರಣ ನಡೆಸುವ ನಮ್ಮ ಕಂಪನಿಯ ನಿಯಮ ಅದು. ಆ ಶನಿವಾರ ನಾನು ಅದನ್ನು ಮಾಡಲಿಲ್ಲ.

ಮಾಡದಿರಲು ಕಾರಣ ಬಸ್ಸು. ಇಂಟರ್‌ನ್ಯಾಷನಲ್ ಸಿಟಿ ಎಂಬ ದುಬೈ ಬಡಾವಣೆಯಿಂದ ಹೊರಟ ಮಿನಿಬಸ್ಸು ಆರೂವರೆಗೆ ಹತ್ತಾ ಮುಟ್ಟಬೇಕಿತ್ತು. ಮುಟ್ಟಿದಾಗ ಎಂಟೂ ಕಾಲು. ದಾರಿಯಲ್ಲಿ ಪೆಟ್ರೋಲ್ ಪಂಪಿನ ಬಳಿ ಇಳಿದು, ಇಡ್ಲಿ ಪೊಟ್ಟಣ ಬಿಚ್ಚಿ, ಚಟ್ನಿ ಹಂಚಿ, ಫೋಟೋ ತೆಗೆದುಕೊಂಡು ಬಂದಿದ್ದರು. ನಮ್ಮ ದಾರಿಯ ನಡುವೆ ನೆರಳೇ ಇಲ್ಲದ ಬೋಳು ಇಳಿಜಾರೊಂದಿದೆ. ಜನವರಿಯಾದರೂ ಹನ್ನೊಂದು ದಾಟಿದರೆ ಅಲ್ಲಿ ಕಲ್ಲು ಕಾಯುತ್ತದೆ. ಅಷ್ಟರೊಳಗೆ ಅದನ್ನು ದಾಟಿಸಬೇಕು ಎನ್ನುವ ಲೆಕ್ಕದಲ್ಲಿ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲಿನ ವಾರಾಂತ್ಯ. ಹನ್ನೆರಡು ಜನ, ಎಲ್ಲರೂ ಕನ್ನಡದವರು. ಅವರನ್ನು ಒಟ್ಟು ಮಾಡಿದ ಸಂಘಟಕರು ಉಡುಪಿ ಕಡೆಯವರು, ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಹಲವು ವರ್ಷಗಳಿಂದ ಸಂಸಾರ ಹೂಡಿದವರು. ಹನ್ನೆರಡು ಜನರ ಆರೋಗ್ಯದ ಫಾರ್ಮನ್ನೂ ಅವರೇ ತುಂಬಿಸಿ ಕಳುಹಿಸಿದ್ದರು. ನಾನು ಐಡಿ ಕೇಳಲು ಬಾಯಿ ತೆರೆದದ್ದೇ ತಡ, ಹೆಗಲ ಮೇಲೆ ಕೈಯಿಟ್ಟರು.

"ಎಲ್ಲ ನಮ್ಮವರೇ ಮಾರಾಯ್ರೆ. ಲಿಸ್ಟ್ ನಾನೇ ಕಳ್ಸಿದ್ದಲ್ಲ, ಇನ್ನೆಂತ ಐಡಿ ನೋಡ್ಲಿಕ್ಕುಂಟು? ಯಲ್ಲಾ, ಹೋಗುವ."

ನಾನು ಉಪ್ಪಿನಂಗಡಿ ಕಡೆಯ ಬ್ಯಾರಿ. ಈ ದೇಶದಲ್ಲಿ ಕರಾವಳಿಯ ಕನ್ನಡದಲ್ಲಿ ಯಾರಾದರೂ "ನಮ್ಮವರು" ಎಂದರೆ ನನ್ನ ಅರ್ಧ ಬುದ್ಧಿ ಅಲ್ಲೇ ಚಾಪೆ ಹಾಸಿ ಮಲಗುತ್ತದೆ. ತಲೆ ಎಣಿಸಿದೆ. ಹನ್ನೆರಡು ಇತ್ತು. ಹೊರಡಿಸಿದೆ.

ಮುಂದೆ ನಾನು, ಹಿಂದೆ ನನ್ನ ಸಹೋದ್ಯೋಗಿ. ಅವಳು ನೇಪಾಳದವಳು. ಸಾಲಿನ ಕೊನೆಯಲ್ಲಿ ನಡೆಯುವುದು, ಸೋತವರನ್ನು ಗಮನಿಸುವುದು ಅವಳ ಕೆಲಸ. ಆರು ತಾಸಿನ ಏರು ದಾರಿ. ಮೂರನೆಯ ವಿಶ್ರಾಂತಿಯಲ್ಲಿ ಅವಳು ನನ್ನ ಬಳಿ ಬಂದು, ನೀಲಿ ಟೋಪಿಯವರು ನಿಧಾನವಾಗುತ್ತಿದ್ದಾರೆ, ಮಧ್ಯಾಹ್ನದ ಚಪಾತಿ ರೋಲನ್ನೂ ಮುಟ್ಟಲಿಲ್ಲ ಎಂದಳು. ಅವರ ಫಾರ್ಮ್ ಯಾವುದೆಂದು ಸಂಘಟಕರನ್ನು ಕೇಳಿ ತೆಗೆದು ನೋಡಿದೆ. ಅದರ ಪ್ರಕಾರ ನೀಲಿ ಟೋಪಿಗೆ ಮೂವತ್ತೊಂದು ವರ್ಷ, ಕಾಯಿಲೆ ಏನೂ ಇಲ್ಲ, ವಾರಕ್ಕೆ ಮೂರು ದಿನ ಓಟ. ಓಡುವವನಿಗೆ ಈ ಹೊಟ್ಟೆ ಎಲ್ಲಿಂದ ಬಂತು ಎಂದು ಒಂದು ಗಳಿಗೆ ಅನ್ನಿಸಿತು. ದುಬೈ ಎಂತೆಂಥವರಿಗೂ ಹೊಟ್ಟೆ ಬರಿಸುತ್ತದೆ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ. ಹತ್ತಿರ ಹೋಗಿ ಬಾಳೆಹಣ್ಣು ಕೊಟ್ಟೆ.

"ಬೇಡ ಸಾರ್," ಎಂದು ಅವರು ನಕ್ಕರು. ಮಾತು ಮೈಸೂರಿನದು. "ಸಂಜೆಗೆ ಒಬ್ಬಟ್ಟು ಇದೆಯಲ್ಲ, ಹೊಟ್ಟೆ ಖಾಲಿ ಇಟ್ಕೊಂಡಿದೀನಿ."

ಗುಂಪಿನವರೆಲ್ಲ ಅವರನ್ನು "ಭಾವ" ಎಂದು ಕರೆಯುತ್ತಿದ್ದರು. ನಮ್ಮ ಕಡೆ ಭಾವ ಅಲ್ಲದವರು ಯಾರು? ಬಸ್ ಕಂಡಕ್ಟರನೂ ಭಾವ, ಮೀನು ಮಾರುವವನೂ ಭಾವ. ಹಾಗಾಗಿ ಹೆಸರು ಹಿಡಿದು ಕರೆಯುವ ಪ್ರಸಂಗವೇ ಬರಲಿಲ್ಲ, ನನಗೆ ಸಂಶಯವೂ ಬರಲಿಲ್ಲ.

ಮೂರೂವರೆಗೆ ಗುಡಿಸಲು ಮುಟ್ಟಿದೆವು. ಗುಡಿಸಲು ಎಂದು ನಾವು ಕರೆಯುತ್ತೇವೆ, ಅಸಲಿಗೆ ಅದು ಹಳೆಯ ಕಲ್ಲುಮನೆ. ಮಣ್ಣು ಸೇರಿಸದೆ ಒಂದರ ಮೇಲೊಂದು ಕಲ್ಲು ಪೇರಿಸಿ ಕಟ್ಟಿದ ದಪ್ಪ ಗೋಡೆ, ತಲೆ ತಗ್ಗಿಸಿ ನುಗ್ಗಬೇಕಾದ ಬಾಗಿಲು, ಒಳಗೆ ಎರಡು ಕೋಣೆ. ಕಂಪನಿ ಅದಕ್ಕೆ ಹೊಸ ಮಾಡು ಹಾಕಿ, ಹದಿನಾಲ್ಕು ಜನ ಸಾಲಾಗಿ ಮಲಗುವಷ್ಟು ಉದ್ದದ ಹಲಗೆಯ ಮಂಚ ಹೊಡೆಸಿದೆ. ಸೋಲಾರ್ ದೀಪ ಎರಡು, ಗ್ಯಾಸ್ ಒಲೆ ಒಂದು, ಹಿಂದೆ ಗುಂಡಿಯ ಕಕ್ಕಸು. ಸ್ನಾನವಿಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ಬೇಕೆಂದರೆ ಇಪ್ಪತ್ತು ನಿಮಿಷ ಏರಿ ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಿಗೆ ಹೋಗಬೇಕು. ಯುರೋಪಿನ ಬೆಟ್ಟದ ಮನೆಗಳಲ್ಲಿ ಹೇಗೋ ಹಾಗೆಯೇ ಇಲ್ಲೂ ಎಂದು ನಮ್ಮ ಮ್ಯಾನೇಜರ್ ಜಾಹೀರಾತು ಹಾಕುತ್ತಾರೆ. ಅವರು ಯುರೋಪನ್ನೂ ನೋಡಿಲ್ಲ, ಈ ಕಕ್ಕಸನ್ನೂ ನೋಡಿಲ್ಲ.

ತಲುಪಿದ ಕೂಡಲೇ ಮಾಡಿಸುವ ಕೆಲಸಗಳಿವೆ. ಬೂಟು ಹೊರಗೆ. ಒಬ್ಬೊಬ್ಬರೂ ಹೊತ್ತು ತಂದ ಒಂದು ಲೀಟರ್ ನೀರು ಅಡುಗೆಯ ಡ್ರಮ್ಮಿಗೆ. ಬೆವರಿದ ಅಂಗಿ ಬದಲು, ಏಕೆಂದರೆ ಸೂರ್ಯ ಗುಡ್ಡದ ಹಿಂದೆ ಸರಿದರೆ ಹತ್ತು ನಿಮಿಷದಲ್ಲಿ ಚಳಿ ಹಿಡಿಯುತ್ತದೆ. ಆಮೇಲೆ ಮಲಗುವ ಜಾಗ ಹಂಚುವುದು. ಸುಸ್ತಾದವರು ಬಾಗಿಲ ಬಳಿ. ಭಾವನಿಗೆ ಬಾಗಿಲ ಬಳಿಯ ಜಾಗ ಕೊಟ್ಟೆ. ಅವರು ಬೂಟಿನ ಲೇಸು ಬಿಚ್ಚಲು ಕೂತವರು ಲೇಸು ಹಿಡಿದುಕೊಂಡೇ ಇದ್ದರು. ಬೆರಳು ನಡುಗುತ್ತಿತ್ತು. ಚಳಿಗಾಳಿಯಲ್ಲೂ ಹಣೆ, ಕುತ್ತಿಗೆ ಬೆವರಿತ್ತು.

ನೀರು ಸಾಲದೆ ಸೋತಿದ್ದಾರೆ ಎಂದುಕೊಂಡೆ. ದಿನವಿಡೀ ಬಿಸಿಲಲ್ಲಿ ನಡೆದವರಲ್ಲಿ ನೂರಕ್ಕೆ ತೊಂಬತ್ತು ಸಲ ಅದೇ. ಒಳಗೆ ಮಲಗಿಸಿ, ಕಾಲು ಎತ್ತರಕ್ಕೆ ಇಡಿಸಿ, ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ನಂತರ ಪ್ರಜ್ಞೆ ಸರಿಯಾಗಿದೆಯೇ ಎಂದು ನೋಡುವ ಪ್ರಶ್ನೆಗಳು. ಎಲ್ಲಿದ್ದೀರಿ? ಇವತ್ತು ಯಾವ ವಾರ? ನಿಮ್ಮ ಹೆಸರೇನು?

ಬೆಟ್ಟದ ಮೇಲೆ ಎಂದರು. ಶನಿವಾರ ಎಂದರು. ಹೆಸರು ಮಾತ್ರ ಬೇರೆ ಹೇಳಿದರು. ಮತ್ತೊಮ್ಮೆ ಕೇಳಿದೆ. ತೊದಲುತ್ತಾ ಅದೇ ಬೇರೆ ಹೆಸರನ್ನು ಹೇಳಿದರು. ಫಾರ್ಮ್ ತೆಗೆದು ನೋಡಿದೆ, ಅಂಥ ಹೆಸರು ಹನ್ನೆರಡರಲ್ಲಿ ಎಲ್ಲೂ ಇಲ್ಲ. ನಾಲ್ಕೂವರೆ ಎಂದು ಸಮಯ ಹಾಕಿ ನನ್ನ ನೋಟ್‌ಬುಕ್ಕಿನಲ್ಲಿ ಬರೆದೆ: "ಸ್ಥಳ, ವಾರ ಸರಿ. ತನ್ನ ಹೆಸರು ತಪ್ಪು ಹೇಳುತ್ತಿದ್ದಾರೆ. ಗಲಿಬಿಲಿ." ಬರೆಯುವಾಗ ಬಾಯಲ್ಲೂ ಹೇಳಿಕೊಂಡೆ. ಸಂಘಟಕರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಪಕ್ಕದ ಕೋಣೆಯಲ್ಲಿ ಇನ್ನೂ ಮೂರು ನಾಲ್ಕು ಜನ ಕೇಳುತ್ತಿದ್ದರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಸೂರ್ಯನ ಹೊಡೆತ ತಲೆಗೇರಿದೆ ಎಂದು ನಾನು ಒದ್ದೆ ಬಟ್ಟೆ ತರಿಸಿ ಕುತ್ತಿಗೆಗೆ, ಕಂಕುಳಿಗೆ ಇಟ್ಟೆ. ಮೈ ಮುಟ್ಟಿದರೆ ತಣ್ಣಗಿತ್ತು. ಅದು ಈ ತೀರ್ಮಾನಕ್ಕೆ ಹೊಂದುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಿತು ಕೂಡ, ಆದರೆ ಕೈಯಲ್ಲಿ ಫಾರ್ಮ್ ಇತ್ತಲ್ಲ, ಕಾಯಿಲೆ ಏನೂ ಇಲ್ಲ ಎಂದು ಅಚ್ಚಾಗಿದ್ದ ಫಾರ್ಮ್. ಕಣ್ಣೆದುರಿನ ಮನುಷ್ಯನಿಗಿಂತ ಆ ಕಾಗದವನ್ನು ಹೆಚ್ಚು ನಂಬಿದೆ. ಇಪ್ಪತ್ತೈದು ನಿಮಿಷ ಹಾಗೇ ಹೋಯಿತು. ಅವರ ಕಣ್ಣು ಎಳೆಯತೊಡಗಿತು. "ಸ್ವಲ್ಪ ನಿದ್ದೆ ಮಾಡ್ಲಿ ಬಿಡಿ, ಸರಿ ಆಗ್ತದೆ" ಎಂದರು ಸಂಘಟಕರು.

ನೇಪಾಳದವಳು ಮಾತ್ರ ಒಪ್ಪಲಿಲ್ಲ. "ದಾಯಿ, ಯೇ ಥಕಾನ್ ನಹೀಂ ಹೈ," ಎಂದಳು. ಅಣ್ಣಾ, ಇದು ಸುಸ್ತಲ್ಲ. ಅವರಿಗೆ ಒಣ ಸ್ವೆಟರ್ ಹಾಕೋಣವೆಂದು ಅವರ ಚೀಲ ಬಿಚ್ಚಿದಳು. ಸ್ವೆಟರಿನ ಅಡಿಯಲ್ಲಿ ಒಂದು ಜಿಪ್ಪಿನ ಸಣ್ಣ ಚೀಲ. ಅದರೊಳಗೆ ಸಕ್ಕರೆ ನೋಡುವ ಮೀಟರು, ಅರ್ಧ ಖಾಲಿಯಾದ ಎರಡು ಬಗೆಯ ಮಾತ್ರೆ, ಮತ್ತು ಐಡಿ ಕಾರ್ಡು. ಕಾರ್ಡಿನ ಮೇಲೆ ಅದೇ ಮುಖ. ಹೆಸರು, ಅವರು ತೊದಲುತ್ತಾ ಹೇಳುತ್ತಿದ್ದ ಆ ಬೇರೆ ಹೆಸರು. ವಯಸ್ಸು ನಲವತ್ತಮೂರು.

ಆ ಮನುಷ್ಯ ಪೂರ್ತಿ ಪ್ರಜ್ಞೆ ತಪ್ಪುವ ಅಂಚಿನಲ್ಲೂ ನಿಜವನ್ನೇ ಹೇಳುತ್ತಿದ್ದರು. ನಾನು ಅದನ್ನು ರೋಗದ ಲಕ್ಷಣ ಎಂದು ಬರೆದಿದ್ದೆ. ಇದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಬೆರಳಿಗೆ ಚುಚ್ಚಿ ನೋಡಿದರೆ ಮೀಟರಿನಲ್ಲಿ ನಲವತ್ತನಾಲ್ಕು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಲೇಬಾರದು. ಮಲಗಿದ್ದವರನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆವು. ಗುಂಪಿನವರು ಹಂಚಲೆಂದು ತಂದಿದ್ದ ಎಳ್ಳುಬೆಲ್ಲದ ಡಬ್ಬ ಅಲ್ಲೇ ಇತ್ತು, ಆದರೆ ಅಗಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಎಳ್ಳು ಗಂಟಲಿಗೆ ಸಿಕ್ಕಿದರೆ ಇನ್ನೊಂದು ಅನಾಹುತ. ಚಹಾದ ಸಕ್ಕರೆಯನ್ನು ಬೆಚ್ಚಗಿನ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ನುಂಗುತ್ತಾರೆಯೇ ಎಂದು ಮೊದಲು ಒಂದು ಚಮಚ ಕೊಟ್ಟು ನೋಡಿ, ಆಮೇಲೆ ಅರ್ಧ ಲೋಟ. ಹದಿನೈದು ನಿಮಿಷ ಬಿಟ್ಟು ಮತ್ತೆ ಅರ್ಧ ಲೋಟ. ಅವಳು ಕುಡಿಸುತ್ತಿದ್ದಳು. ನಾನು ಸಂಘಟಕರ ತೋಳು ಹಿಡಿದು ಹೊರಗೆ ಕರೆತಂದೆ.

"ನಾನು ಹೆಸರು ಕೇಳುವಾಗ ನೀವು ಅಲ್ಲೇ ಇದ್ರಲ್ಲ? ಬಾಯಲ್ಲಿ ಎಂತ ಇಟ್ಕೊಂಡಿದ್ರಿ?"

"ನಿಮಗೆ ಸುಮ್ನೆ ಟೆನ್ಶನ್ ಆಗ್ಬಾರ್ದು ಅಂತ..."

"ನನ್ನ ಟೆನ್ಶನ್ ಮಣ್ಣು ತಿನ್ಲಿ! ಯಾರು ಅವರು?"

ಒಂದೊಂದೇ ಹೊರಬಂತು. ಬುಕಿಂಗ್ ಮಾಡಿದವನು ಇವರ ಹೆಂಡತಿಯ ತಮ್ಮ. ಅವನಿಗೆ ಕೊನೆಯ ಗಳಿಗೆಯಲ್ಲಿ ಆಫೀಸಿನ ಕೆಲಸ ಬಿತ್ತು. ಹೆಸರು ಬದಲಿಸಬೇಕಾದರೆ ಎರಡು ದಿನ ಮೊದಲೇ ತಿಳಿಸಬೇಕು, ನಲವತ್ತು ದಾಟಿದವರಾದರೆ ಡಾಕ್ಟರ ಚೀಟಿಯೂ ಬೇಕು. ಅಷ್ಟೆಲ್ಲ ಯಾಕೆ, ಜಾಗ ಸುಮ್ಮನೆ ಹಾಳಾಗುತ್ತದೆ, ಭಾವ ಹೋಗಿ ಬರಲಿ ಎಂದು ಅಬುಧಾಬಿಯ ಆಚೆಯ ತೈಲ ಕಾರ್ಖಾನೆಯೂರು ರುವೈಸಿನಲ್ಲಿದ್ದ ಭಾವನನ್ನು ಕರೆಸಿ ತನ್ನ ಹೆಸರಿನಲ್ಲಿ ಬಸ್ಸು ಹತ್ತಿಸಿದ್ದ. ಸಂಘಟಕರಿಗೆ ಬೆಳಗ್ಗೆಯೇ ಗೊತ್ತಿತ್ತು. "ಶುಗರ್ ಉಂಟು ಅಂತ ಮಾತ್ರ ನಂಗೂ ಗೊತ್ತಿರ್ಲಿಲ್ಲ ಮಾರಾಯ್ರೆ, ದೇವರಾಣೆ," ಎಂದರು.

ನಾನು ಬೈದೆ. ಬ್ಯಾರಿಯಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ, ಯಾವುದು ಮೊದಲು ಬಾಯಿಗೆ ಬಂತೋ ಅದರಲ್ಲಿ ಬೈದೆ. ಬೈಯುತ್ತಿರುವಾಗಲೇ ಒಳಗೊಂದು ಮಾತು ಚುಚ್ಚುತ್ತಿತ್ತು. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಾನು ಮಲಗುವ ಮಂಚ ಇನ್ನೊಬ್ಬನ ಹೆಸರಿನ ಮನೆಯಲ್ಲಿದೆ. ನನ್ನ ಮೊದಲ ಎರಡು ವರ್ಷ ಮೊಬೈಲ್ ನಂಬರ್ ಕೂಡ ನನ್ನ ಹೆಸರಿನಲ್ಲಿರಲಿಲ್ಲ. ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಬದುಕುವುದು ಇಲ್ಲಿ ನಮಗೆಲ್ಲ ಎಷ್ಟು ರೂಢಿಯಾಗಿದೆ ಎಂದರೆ, ಅದು ಸುಳ್ಳು ಎಂದು ಕೂಡ ಯಾರಿಗೂ ಅನ್ನಿಸುವುದಿಲ್ಲ. ಅಡ್ಜಸ್ಟ್ ಮಾಡಿಕೊಂಡೆವು ಅನ್ನುತ್ತೇವೆ, ಅಷ್ಟೇ.

ಒಳಗೆ ಹೋದಾಗ ಮೀಟರು ನೂರಾ ಆರು ತೋರಿಸುತ್ತಿತ್ತು. ಭಾವನ ಕಣ್ಣು ತಿಳಿಯಾಗಿತ್ತು. ಗುಂಪಿನವರು ಉಸಿರು ಬಿಟ್ಟರು, ಒಬ್ಬರು ಚಪ್ಪಾಳೆಯನ್ನೂ ಹೊಡೆದರು. ನಾನು ಮಂಡಿಯೂರಿ ಕೂತು ಮಾತ್ರೆಯ ವಿಷಯ ಕೇಳಿದೆ. ಬೆಳಗ್ಗೆ ಎಷ್ಟು ತಗೊಂಡ್ರಿ?

ಅವರು ತಲೆ ತಗ್ಗಿಸಿದರು. "ದಿನಾ ಒಂದು ಸಾರ್. ಇವತ್ತು ಎರಡು."

"ಎರಡು ಯಾಕೆ?"

"ಒಬ್ಬಟ್ಟು, ಎಳ್ಳುಬೆಲ್ಲ ಎಲ್ಲ ಇರುತ್ತಲ್ಲ ಅಂತ. ಮದುವೆ ಮನೆಗೆ ಹೋಗೋವಾಗೆಲ್ಲ ಹಂಗೇ ಮಾಡೋದು. ಒಂದು ಎಕ್ಸ್‌ಟ್ರಾ ನುಂಗ್ಬಿಟ್ರೆ ಸ್ವೀಟ್ ಸರಿಹೋಗುತ್ತೆ."

ನಮ್ಮ ಜನರ ಈ ವೈದ್ಯಕೀಯ ನನಗೆ ಹೊಸದಲ್ಲ. ನನ್ನ ಉಮ್ಮ ಕೂಡ ಬಿರಿಯಾನಿಯ ದಿನ ಮಾತ್ರೆ ಹೆಚ್ಚಿಸುತ್ತಾರೆ. ಆದರೆ ಇವರು ಸಿಹಿಗಾಗಿ ಮಾತ್ರೆ ನುಂಗಿ, ಸಿಹಿಗಾಗಿಯೇ ಹೊಟ್ಟೆ ಖಾಲಿ ಇಟ್ಟು, ಆರು ತಾಸು ಬೆಟ್ಟ ಹತ್ತಿದ್ದರು. ಒಬ್ಬಟ್ಟು ಇನ್ನೂ ಡಬ್ಬದಲ್ಲೇ ಇತ್ತು.

ಸಕ್ಕರೆ ಕುಸಿದವರಿಗೆ ಸಕ್ಕರೆ ಕೊಟ್ಟರೆ ಏಳುತ್ತಾರೆ, ನಿಜ. ಆದರೆ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ನಮಗೆ ಒಂದು ಮಾತು ಹೇಳಿದ್ದರು: ಕೆಲವು ಮಾತ್ರೆಗಳು ದಿನವಿಡೀ ಸಕ್ಕರೆಯನ್ನು ಕೆಳಗೆ ಎಳೆಯುತ್ತಲೇ ಇರುತ್ತವೆ, ಒಮ್ಮೆ ಎದ್ದರು ಎಂದು ನಂಬಬೇಡಿ, ಅಂಥವರನ್ನು ಆಸ್ಪತ್ರೆಗೆ ಸೇರಿಸಲೇಬೇಕು. ಇದು ಅಂಥ ಮಾತ್ರೆಯೇ? ನನಗೆ ಗೊತ್ತಿರಲಿಲ್ಲ. ಕತ್ತಲೆಯಲ್ಲಿ ಸಡಿಲ ಕಲ್ಲಿನ ದಾರಿಯಲ್ಲಿ ಆರು ತಾಸು ಇಳಿಸುವ ಮಾತೇ ಇಲ್ಲ. ಇಲ್ಲೇ ಇಟ್ಟುಕೊಂಡು, ಎಲ್ಲರ ಹಾಗೆ ಕಂಬಳಿ ಹೊದಿಸಿ ಮಲಗಿಸಿದರೆ, ನಿದ್ದೆಯಲ್ಲೇ ಸಕ್ಕರೆ ಕುಸಿದರೆ ಯಾರಿಗೂ ತಿಳಿಯುವುದಿಲ್ಲ. ನಾನು ತಲೆಗೆ ಕಟ್ಟುವ ಟಾರ್ಚು ಹುಡುಕಿದೆ.

"ಎಲ್ಲಿಗೆ ಸಾರ್?" ಭಾವ ಕೇಳಿದರು.

"ಸಿಗ್ನಲ್ ಇರೋ ಕಡೆ. ರಕ್ಷಣಾ ತಂಡಕ್ಕೆ ಫೋನ್ ಮಾಡ್ಲಿಕ್ಕೆ."

ಅವರು ನನ್ನ ಕೈ ಹಿಡಿದುಕೊಂಡರು. ಹತ್ತು ನಿಮಿಷದ ಹಿಂದೆ ಲೋಟ ಹಿಡಿಯಲಾಗದ ಕೈ ಈಗ ಬಿಗಿಯಾಗಿತ್ತು. "ಬೇಡಿ ಸಾರ್, ನಿಮ್ ಕಾಲಿಗೆ ಬೀಳ್ತೀನಿ. ಪ್ಲಾಂಟ್‌ನಲ್ಲಿ ರಜ ಕೊಡ್ಲಿಲ್ಲ ಅಂತ ಸಿಕ್ ಲೀವ್ ಹಾಕ್ಬಿಟ್ಟು ಬಂದಿದೀನಿ. ಇಲ್ಲಿ ಬೆಟ್ಟದ ಮೇಲಿದ್ದೆ ಅಂತ ಗೊತ್ತಾದ್ರೆ ಕೆಲಸ ಖಲಾಸ್. ಕಂಪನಿ ಮನೇಲಿದೀವಿ, ಮಗಳು ಹತ್ತನೇ ಕ್ಲಾಸು. ಈಗ ಆರಾಮಾಗಿದೀನಲ್ಲ ಸಾರ್, ನೋಡಿ."

ಸಂಘಟಕರು ಸೇರಿಕೊಂಡರು. ಇನ್ನಿಬ್ಬರು ಸೇರಿಕೊಂಡರು. "ನೂರಾ ಆರು ಬಂತಲ್ಲ ಮಾರಾಯ್ರೆ, ನಾರ್ಮಲ್. ಒಬ್ಬರ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀರಿ? ಫೋನ್ ಮಾಡ್ಲೇಬೇಕು ಅಂತಾದ್ರೆ ಬುಕಿಂಗ್‌ನಲ್ಲಿದ್ದ ಹೆಸರೇ ಕೊಡಿ."

ಆ ಕ್ಷಣ ನನಗೆ ಎಲ್ಲರ ಮೇಲೂ ಅಸಹ್ಯ ಹುಟ್ಟಿತು. ಒಬ್ಬನ ಜೀವ ಎದುರಿಗೆ ಕೂತು ಮಾತಾಡುತ್ತಿದೆ, ಇವರು ಅವನ ಕೆಲಸ ಉಳಿಸುವ ಮಾತಾಡುತ್ತಿದ್ದಾರೆ. ಇನ್ನೂ ಕೆಟ್ಟದ್ದೆಂದರೆ, ಅವರು ಹೇಳಿದ್ದು ನನಗೆ ಅರ್ಥವಾಗುತ್ತಿತ್ತು. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ, ಮನೆ ಹೋಗುತ್ತದೆ, ಮಗುವಿನ ಶಾಲೆ ಹೋಗುತ್ತದೆ. ನಾನು ಕೈ ಬಿಡಿಸಿಕೊಂಡೆ. ಐಡಿ ಕಾರ್ಡಿನ, ಮಾತ್ರೆಯ ಹಾಳೆಯ ಫೋಟೋ ತೆಗೆದುಕೊಂಡೆ. ಹತ್ತು ನಿಮಿಷಕ್ಕೊಮ್ಮೆ ಮೀಟರ್ ನೋಡು, ಮಲಗಲು ಬಿಡಬೇಡ ಎಂದು ನೇಪಾಳದವಳಿಗೆ ಹೇಳಿ ಹೊರಟೆ.

ಏರು ಇಪ್ಪತ್ತು ನಿಮಿಷದ್ದು, ನಾನು ಹನ್ನೆರಡರಲ್ಲಿ ಮುಗಿಸಿದೆ. ಕಣಿವೆಯ ಬಾಯಿಯಲ್ಲಿ ಗಾಳಿ ನಿಲ್ಲಗೊಡುತ್ತಿರಲಿಲ್ಲ. ಯಾವ ತುರ್ತಿದ್ದರೂ ಮೊದಲು ಮ್ಯಾನೇಜರಿಗೆ ತಿಳಿಸಬೇಕು ಎನ್ನುವುದೂ ನಿಯಮ. ತಿಳಿಸಿದೆ. ಅವರು ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು: ರೋಗಿ ಈಗ ಎಚ್ಚರವಾಗಿದ್ದಾನೆ ಅಂದರೆ ಬೆಳಗಿನವರೆಗೆ ಕಾದು ನೋಡು. ಕರೆಯಲೇಬೇಕಾದರೆ ಬುಕಿಂಗ್‌ನಲ್ಲಿರುವ ಹೆಸರು ಕೊಡು. ಐಡಿ ನೋಡದೆ ಜನರನ್ನು ಹತ್ತಿಸಿದ್ದೇವೆ ಎಂದು ಗೊತ್ತಾದರೆ ಪರವಾನಗಿಗೆ ತೊಂದರೆ, ನಿನಗೂ ತೊಂದರೆ.

"ಆ ಹೆಸರಿನವನು ದುಬೈಯ ಆಫೀಸಿನಲ್ಲಿ ಕೂತಿದ್ದಾನೆ ಸರ್," ಎಂದೆ. "ಆಸ್ಪತ್ರೆಯವರು ಅವನ ರಕ್ತದ ಗುಂಪು, ಅವನ ಔಷಧಿ ನೋಡಿ ಇವರಿಗೆ ಚುಚ್ಚಬೇಕಾ?"

"ನೀನು ತುಂಬಾ ಮಾತಾಡ್ತೀಯ" ಎಂದರು. ನಾನು ಕರೆ ಕತ್ತರಿಸಿದೆ.

ತುರ್ತು ಸಂಖ್ಯೆಯಲ್ಲಿ ಮಾತಾಡಿದ ಮಹಿಳೆ ಜಾಗ ಕೇಳಿದಳು, ಹೇಳಿದೆ. ರೋಗಿಯ ಹೆಸರು ಕೇಳಿದಳು. ಐಡಿಯ ಫೋಟೋ ತೆರೆದು, ಅದರಲ್ಲಿದ್ದ ಹೆಸರು, ವಯಸ್ಸು, ನಂಬರು ಓದಿದೆ. ಒಂದೊಂದೂ ಅಕ್ಷರ ಬಿಡಿಸಿ ಹೇಳಿದೆ. ಹೇಳುವಾಗ ಆ ಮಗಳ ಹತ್ತನೇ ಕ್ಲಾಸು ನೆನಪಿಗೆ ಬಂತು. ಆದರೂ ಹೇಳಿದೆ.

ಅವಳು ಒಬ್ಬ ಡಾಕ್ಟರಿಗೆ ಕರೆ ಜೋಡಿಸಿದಳು. ಮಾತ್ರೆಯ ಹೆಸರು ಓದಿದೆ. ಎಷ್ಟು ನುಂಗಿದ್ದಾರೆ, ಎಷ್ಟು ಗಂಟೆಗೆ ಎಂದು ಅವರು ಕೇಳಿದರು. ನಾನು ಹೇಳಿದ ಮೇಲೆ ಅವರ ದನಿ ಬದಲಾಯಿತು. ಇದು ಮತ್ತೆ ಇಳಿಯುತ್ತದೆ, ಇಳಿದೇ ಇಳಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಸಕ್ಕರೆ ನೀರು, ನುಂಗಲು ಆಗುವಾಗ ಅನ್ನ ಅಥವಾ ರೊಟ್ಟಿ, ಒಂದು ನಿಮಿಷವೂ ಒಬ್ಬರನ್ನೇ ಮಲಗಲು ಬಿಡಬೇಡಿ. ಗಾಳಿ ಇಳಿದರೆ ಹೆಲಿಕಾಪ್ಟರ್, ಇಲ್ಲವಾದರೆ ಬೆಳಕು ಹರಿದ ಕೂಡಲೇ. ಗಾಳಿ ಇಳಿಯಲಿಲ್ಲ.

ನಾನು ಗುಡಿಸಲಿಗೆ ಮರಳುವ ಹೊತ್ತಿಗೆ ನೂರಾ ಆರು ಇದ್ದದ್ದು ಐವತ್ತೆಂಟಾಗಿತ್ತು. ಚಪ್ಪಾಳೆ ಹೊಡೆದವರು ಮೂಲೆಯಲ್ಲಿ ಮುದುಡಿದ್ದರು. "ಈಗ ಹೇಳಿ, ನಾರ್ಮಲ್ ಅಂತ," ಎಂದೆ.

ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಮೂರು ಪಾಳಿ ಮಾಡಿದೆವು. ಸಂಘಟಕರನ್ನೂ ಒಂದು ಪಾಳಿಗೆ ಹಾಕಿದೆ, ಮಲಗಲು ಬಿಡಲಿಲ್ಲ. ಚಹಾದ ಸಕ್ಕರೆ ಖಾಲಿಯಾಯಿತು. ನೇಪಾಳದವಳು ತನ್ನ ಪಾಲಿಗೆ ತಂದಿದ್ದ ಸಿಹಿ ಹಾಲಿನ ಡಬ್ಬಿ ಒಡೆದಳು. ಅದೂ ಮುಗಿದಾಗ ನಾಲ್ಕು ಜನ ಸೋಲಾರ್ ದೀಪದಡಿ ಕೂತು ಎಳ್ಳುಬೆಲ್ಲದಿಂದ ಬೆಲ್ಲದ ಚೂರು ಆರಿಸಿ ಬಿಸಿ ನೀರಿಗೆ ಹಾಕಿದರು. ಐವತ್ತೆಂಟು, ತೊಂಬತ್ತು, ಅರವತ್ತೆರಡು, ಎಂಬತ್ತೆಂಟು, ಐವತ್ತೊಂದು. ಮೀಟರಿನ ಪಟ್ಟಿಗಳು ಎಂಟು ಉಳಿದಿದ್ದವು, ಕೊನೆಕೊನೆಗೆ ಮುಖ ನೋಡಿ ಊಹಿಸಬೇಕಾಯಿತು. ನಾನು ಹೆಸರು ಕೇಳುತ್ತಲೇ ಇದ್ದೆ. ಅವರು ತಮ್ಮ ಹೆಸರು ಹೇಳುತ್ತಿದ್ದರು, ನಾನು "ಸರಿ" ಎಂದು ಬರೆಯುತ್ತಿದ್ದೆ. ನಡುವೆ ಒಮ್ಮೆ ಅವರು, "ನನ್ ಹೆಸರೇ ಕೊಟ್ರಾ ಸಾರ್?" ಎಂದರು. ಹೌದೆಂದೆ. ಮುಖ ಗೋಡೆಗೆ ತಿರುಗಿಸಿಕೊಂಡರು. ಕುಡಿಸಿದ್ದನ್ನು ಮಾತ್ರ ಕುಡಿದರು.

ಬೆಳಕು ಹರಿಯುತ್ತಲೇ ಹೆಲಿಕಾಪ್ಟರ್ ಬಂತು. ರಕ್ಷಣಾ ತಂಡದವನು ಇಳಿದು ನನ್ನ ನೋಟ್‌ಬುಕ್ಕಿನ ಹಾಳೆಗಳ ಫೋಟೋ ತೆಗೆದುಕೊಂಡ, ಐಡಿ ಕಾರ್ಡು ಕೇಳಿದ, ಮುಖ ನೋಡಿದ, ತಾಳೆ ಹಾಕಿದ. ಅದಕ್ಕೆ ಅವನಿಗೆ ಹಿಡಿದದ್ದು ನಾಲ್ಕೈದು ಸೆಕೆಂಡು. ಹಿಂದಿನ ಬೆಳಗ್ಗೆ ನಾನು ಉಳಿಸಿದ ಸಮಯ ಅಷ್ಟೇ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಸುಮ್ಮನೆ ಹೇಳಿದ್ದಾರೆಯೇ?

ಭಾವ ಎರಡು ದಿನ ಆಸ್ಪತ್ರೆಯಲ್ಲಿದ್ದರು. ಮೊದಲ ದಿನ ಅಲ್ಲೂ ಸಕ್ಕರೆ ಎರಡು ಸಲ ಕುಸಿಯಿತಂತೆ, ನರಕ್ಕೆ ಗ್ಲೂಕೋಸ್ ಹಾಕಿದ ಮೇಲೂ. ಇದನ್ನು ತಿಳಿಸಿದ್ದು ಸಂಘಟಕರು. ತಿಳಿಸಿ, "ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು, ಆದ್ರೆ ಹೆಸರು..." ಎಂದು ನಿಲ್ಲಿಸಿದರು. ಆ "ಆದ್ರೆ" ಕೇಳಿ ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು.

ಮ್ಯಾನೇಜರು ವರದಿ ಬರೆಯಲು ಕರೆದರು. ಬುಕಿಂಗ್‌ನ ಹೆಸರೇ ಇರಲಿ, ಆಸ್ಪತ್ರೆಯಲ್ಲಿ ಏನೋ ಗೊಂದಲವಾಯಿತು ಎಂದು ಬರೆದರಾಯಿತು ಎಂದರು. ನಾನು ನಡೆದದ್ದನ್ನು ನಡೆದ ಹಾಗೆ ಬರೆದೆ. ಮೊದಲ ಸಾಲಿನಲ್ಲೇ, ಪಾರ್ಕಿಂಗ್‌ನಲ್ಲಿ ನಾನು ಐಡಿ ನೋಡಲಿಲ್ಲ ಎಂದು ಬರೆದೆ. ಅವರು ಅದನ್ನು ಓದಿ ನನ್ನನ್ನು ಬೆಟ್ಟದಿಂದ ಇಳಿಸಿದರು. ಈಗ ನಾನು ದುಬೈಯ ಗೋದಾಮಿನಲ್ಲಿ ಮಲಗುವ ಚೀಲಗಳನ್ನು ಒಗೆದು ಒಣಹಾಕುತ್ತೇನೆ. ನನ್ನ ತಪ್ಪಿಗೆ ಶಿಕ್ಷೆಯಾದರೆ ಒಪ್ಪುತ್ತಿದ್ದೆ. ಇದು ತಪ್ಪಿಗಲ್ಲ, ಬರೆದದ್ದಕ್ಕೆ. ಅದು ನನಗೆ ಗೊತ್ತು, ಅವರಿಗೂ ಗೊತ್ತು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಗೋದಾಮಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ರುವೈಸಿನಿಂದ, ಭಾವನ ಹೆಂಡತಿ.

"ನೀವೇನಾ ಅವತ್ತು ಹೆಸರು ಕೊಟ್ಟೋರು?"

"ಹೌದಕ್ಕ, ನಾನೇ."

"ಆಸ್ಪತ್ರೆಯಿಂದ ಇನ್ಶೂರೆನ್ಸ್‌ಗೆ ಹೋಯ್ತು, ಅಲ್ಲಿಂದ ಕಂಪನಿಗೆ ಹೋಯ್ತು. ಸಿಕ್ ಲೀವ್ ಸುಳ್ಳು ಅಂತ ಕೆಲಸ ತೆಗೆದ್ರು. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕು. ಮಗಳಿಗೆ ಪರೀಕ್ಷೆ ಮುಂದಿನ ವಾರ. ನನ್ ತಮ್ಮನ ಹೆಸರು ಹೇಳಿದ್ರೆ ನಿಮ್ಮ ಗಂಟೇನಾದ್ರೂ ಹೋಗ್ತಿತ್ತಾ? ಒಂದು ಹೆಸರು! ನಿಮಗೂ ಸಂಸಾರ ಇಲ್ವಾ? ನಿಮ್ಮ ಬಾಯಿಂದ ನಮ್ಮ ಅನ್ನ ಹೋಯ್ತು."

ಮೂರು ವಾರ ನುಂಗಿಕೊಂಡಿದ್ದೆಲ್ಲ ಗಂಟಲಿಗೆ ಬಂತು. ನಿಮ್ಮ ತಮ್ಮ ಮಾಡಿದ್ದು, ನಿಮ್ಮ ಯಜಮಾನರು ಮುಚ್ಚಿಟ್ಟದ್ದು, ಆ ಸಂಘಟಕ, ಆ ಎರಡನೆಯ ಮಾತ್ರೆ, ನಾನು ಇಲ್ಲಿ ಒಗೆಯುತ್ತಿರುವ ಕಂಡವರ ಬೆವರಿನ ಚೀಲಗಳು. ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನ ಆಚೆಯಿಂದ ಗಂಡಸಿನ ದನಿಯೊಂದು, ಆ ರಾತ್ರಿಯೆಲ್ಲ ನನಗೆ ಹೆಸರು ಹೇಳುತ್ತಿದ್ದ ಅದೇ ದನಿ, ಸ್ವಲ್ಪ ದೂರದಿಂದ, "ಸಾರು ಇನ್ನೊಂಚೂರು ಹಾಕು, ಅನ್ನ ಆರ್ತಾ ಇದೆ" ಎಂದಿತು.

"ಬಂದೆ, ಇರಿ!" ಎಂದು ಅವರು ಆ ಕಡೆ ಕೂಗಿದರು, ನನಗೆ ಬೈಯುತ್ತಿದ್ದ ಅದೇ ದನಿಯಲ್ಲಿ.

ಫೋನಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು.

"ಹೋಗಿ ಬಡಿಸಿ, ಅಕ್ಕ," ಎಂದೆ.

ಅವರು ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತು ಅತ್ತರು. ಆಮೇಲೆ ಹೋಗಿ ಬಡಿಸಿದರು, ಸೌಟಿನ ಸದ್ದು ಕೇಳಿಸಿತು.